ಹಳೇ ಲೆಕ್ಕದ ಗೇಮುಗಳನ್ನ ಇವತ್ತಿನ ಮಕ್ಕಳ ಹತ್ರ ಆಡ್ಸೋದು ಹೇಗೆ

ಮುಂಬೈ ಹತ್ರದ ಡೊಂಬಿವಲಿಯಲ್ಲಿ ನಮ್ಮ ಸೊಸೈಟಿ ಆಫೀಸಿನ ಪಕ್ಕದ ರೂಮಿಗೆ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆರು ಮಕ್ಕಳು ಬರ್ತಾರೆ, ಎರಡನೇ ಕ್ಲಾಸಿಂದ ಐದನೇ ಕ್ಲಾಸಿನವರೆಗಿನವರು, ಮೂರು ಹಳೇ ಲ್ಯಾಪ್‌ಟಾಪ್ ಇದಾವೆ, ಒಂದೊಂದರ ಮುಂದೆ ಎರಡೆರಡು ಕುರ್ಚಿ. ಅವರು ಅಲ್ಲಿ ಆಡೋದು ಇಪ್ಪತ್ತೈದು, ನಲವತ್ತು ವರ್ಷ ಹಿಂದಿನ ಲೆಕ್ಕದ ಸಾಫ್ಟ್‌ವೇರು. ಬಾಗಿಲಲ್ಲಿ ನಿಂತು ನೋಡೋ ಅಪ್ಪ ಅಮ್ಮಂದಿರು "ಟೀಚರ್, ಇದನ್ನ ಮನೇಲಿ ಮಾಡ್ಬಹುದಾ, ಹೇಗೆ ಶುರು ಮಾಡೋದು" ಅಂತ ಕೇಳ್ತಾನೇ ಇರ್ತಾರೆ, ಮೊನ್ನೆ ಊರಿಂದ ಒಬ್ಬ ಮೇಷ್ಟ್ರೂ ಫೋನ್ ಮಾಡಿ ಕೇಳಿದ್ರು, ಹಾಗಾಗಿ ಗೊತ್ತಿರೋದನ್ನೆಲ್ಲ ಒಂದೇ ಸಲ ಬರೆದುಬಿಡ್ತೀನಿ.

ನಾನು 1998ರಿಂದ ಮುಂಬೈಯ ಒಂದು ಕನ್ನಡ ಮೀಡಿಯಂ ಪ್ರೈಮರಿ ಶಾಲೆಯಲ್ಲಿ ಲೆಕ್ಕ ಹೇಳ್ಕೊಡ್ತಿದ್ದೆ. ಯಾವುದೋ ಆಫೀಸು ಮುಚ್ಚಿದಾಗ ನಾಲ್ಕು ಕಂಪ್ಯೂಟರ್ ನಮಗೆ ದಾನ ಬಂತು. ಕ್ಲಾಸಲ್ಲಿ 38 ಮಕ್ಕಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗ್ಬೇಕು, ಪ್ಲಾಸ್ಟಿಕ್ ಕವರ್ ತೆಗೆಯೋಕೇ ಐದು ನಿಮಿಷ, ಒಂದೊಂದು ಮಷೀನಿಗೆ ಒಂಬತ್ತು ಹತ್ತು ಮಕ್ಕಳು ಜೇನುಗೂಡಿನ ಹಾಗೆ ಮುತ್ಕೊಳ್ತಿದ್ರು, ಯಾರು ಮೊದಲು ಓಡಿ ಬಂದು ಮೌಸ್ ಹಿಡಿದ್ರೋ ಅವರದ್ದೇ ರಾಜ್ಯ, ಉಳಿದವರು ಕುತ್ತಿಗೆ ಉದ್ದ ಮಾಡಿ ನೋಡೋದು. ಮೊದಲ ವರ್ಷ ನಾನು ಅದನ್ನ ಹಾಗೇ ನಡೆಸಿದೆ, ಆ ಕುತ್ತಿಗೆ ಉದ್ದ ಮಾಡಿದ ಮಕ್ಕಳ ಮುಖ ಈಗಲೂ ನೆನಪಿದೆ. ಆಮೇಲೆ ಕ್ಲಾಸನ್ನ ಗುಂಪು ಮಾಡಿ, ಒಂದು ಗುಂಪು ಲ್ಯಾಬಲ್ಲಿ ಉಳಿದವರು ವರಾಂಡದಲ್ಲಿ ಮಣಿ ಚೌಕಟ್ಟು, ಅಳತೆ ಕೆಲಸ, ಹೀಗೆ ಸರದಿ ಹಾಕಿ ಒಂದು ಮಷೀನಿಗೆ ಇಬ್ಬರೇ ಅಂತ ಮಾಡಿದ್ಮೇಲೆ ಲ್ಯಾಬಿಂದ ಬರೋ ಸದ್ದೇ ಬೇರೆ ಆಯ್ತು. ಗಲಾಟೆ ಕಮ್ಮಿ ಆಗಲಿಲ್ಲ, ಆದ್ರೆ ಗಲಾಟೆಯಲ್ಲಿ "ಏಯ್, ಏಳೆಂಟ್ಲ ಐವತ್ತಾರು ಕಣೋ, ಐವತ್ನಾಲ್ಕಲ್ಲ" ಅನ್ನೋ ಮಾತು ಕೇಳೋಕೆ ಶುರುವಾಯ್ತು. ಈ ಮಾತಿಗೋಸ್ಕರವೇ ಇಷ್ಟೆಲ್ಲ. ಕೆಳಗೆ ನಾನು ಹೇಳೋ ಪ್ರತಿಯೊಂದೂ, ಆ ಎರಡು ಕುರ್ಚಿ ಮಧ್ಯೆ ಮಾತು ಹುಟ್ಟೋ ಹಾಗೆ ಮಾಡೋಕೆ ಇರೋದು.

ಮೊದಲು ಸಾಮಾನು. ಹತ್ತು ಹನ್ನೆರಡು ವರ್ಷದ ಹಳೇ ಲ್ಯಾಪ್‌ಟಾಪ್ ಸಾಕು, ಬ್ಯಾಟರಿ ಸತ್ತಿದ್ರೂ ಚಾರ್ಜರ್ ಚುಚ್ಚಿ ಇಟ್ರೆ ಆಯ್ತು. ಒಂದು ಯುಎಸ್‌ಬಿ ಕೀಬೋರ್ಡ್ ತಗೊಳ್ಳಿ, ಬಲಗಡೆ ನಂಬರ್ ಪ್ಯಾಡ್ ಇರೋದನ್ನೇ ತಗೊಳ್ಳಿ, ನಾನು ಲ್ಯಾಮಿಂಗ್ಟನ್ ರೋಡಲ್ಲಿ ತಗೊಂಡೆ, ಈಗ ಎಲ್ಲಾ ಕಡೆ ಸಿಗುತ್ತೆ. ಲ್ಯಾಪ್‌ಟಾಪಿನ ಮೇಲಿನ ಸಾಲಿನ ಅಂಕಿ ಹುಡುಕೋದರಲ್ಲೇ ಚಿಕ್ಕ ಮಕ್ಕಳ ಅರ್ಧ ಗಮನ ಹೋಗುತ್ತೆ, ಲೆಕ್ಕ ಗೊತ್ತಿದ್ದೂ ಬೆರಳು ಸಿಗದೆ ಸೋತ ಮಗು ತನಗೆ ಲೆಕ್ಕ ಬರಲ್ಲ ಅಂದ್ಕೊಳ್ಳುತ್ತೆ, ಇದನ್ನ ನಾನು ಎಷ್ಟೋ ಸಲ ನೋಡಿದೀನಿ. ನಂಬರ್ ಪ್ಯಾಡಿನ Num Lock ಕೀಲಿ ಆನ್ ಇದೆಯಾ ನೋಡ್ಕೊಳ್ಳಿ. ಜೊತೆಗೆ ಬಣ್ಣದ ಚಾಕ್‌ಪೀಸು, ಒಂದು ಚೌಕುಳಿ ನೋಟ್‌ಬುಕ್ಕು, ಅಡಿಪಟ್ಟಿ, ಒಂದು ಡಬ್ಬಿ ಹುಣಸೆ ಬೀಜ. ಹುಣಸೆ ಬೀಜ ಯಾಕೆ ಅಂತ ಆಮೇಲೆ ಹೇಳ್ತೀನಿ, ಅದಿಲ್ಲದೆ ಶುರು ಮಾಡ್ಬೇಡಿ.

ಇನ್ನು ಯಾವ ಸಾಫ್ಟ್‌ವೇರು. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಯಾಕಂದ್ರೆ ಲೆಕ್ಕದ ಸಾಫ್ಟ್‌ವೇರಲ್ಲಿ ಮೊದಲಿಂದಲೂ ಎರಡು ಮನೆತನ ಇದಾವೆ, ಯಾವ ಮನೆತನದ್ದು ಅಂತ ಗೊತ್ತಿದ್ರೆ ಅದರಿಂದ ಏನು ಕೇಳ್ಬೇಕು ಅಂತ ಗೊತ್ತಾಗುತ್ತೆ. ಒಂದು ಅಭ್ಯಾಸದ ಮನೆತನ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ಯಾಟ್ರಿಕ್ ಸಪ್ಪೀಸ್ ಅನ್ನೋರು ಪ್ರೈಮರಿ ಶಾಲೆ ಮಕ್ಕಳಿಗೆ ಟೆಲಿಟೈಪ್ ಮಷೀನಲ್ಲಿ ಲೆಕ್ಕ ಕೊಟ್ರು, ಪರದೆ ಇಲ್ಲ, ಕಾಗದದ ಸುರುಳಿ ಮೇಲೆ ಕೂಡೋ ಲೆಕ್ಕ ಪ್ರಿಂಟ್ ಆಗಿ ಬರೋದು, ಮಗು ಉತ್ತರ ಟೈಪ್ ಮಾಡೋದು, ಕಂಪ್ಯೂಟರ್ ಇರೋದು ದೂರದಲ್ಲಿ, ಟೆಲಿಫೋನ್ ಲೈನಲ್ಲಿ ಸಂಪರ್ಕ. ಇನ್ನೊಂದು ಕಟ್ಟೋ ಮನೆತನ. 1967ರಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸೊಲೊಮನ್, ವಾಲಿ ಫ್ಯೂರ್‌ಜೈಗ್ ಇವರೆಲ್ಲ ಸೇರಿ ಮಕ್ಕಳಿಗಾಗಿ ಮಾಡಿದ ಲೋಗೋ ಅನ್ನೋ ಕಂಪ್ಯೂಟರ್ ಭಾಷೆ, ಅದರಲ್ಲಿ ಕಂಪ್ಯೂಟರ್ ಮಗುವಿಗೆ ಲೆಕ್ಕ ಕೊಡಲ್ಲ, ಮಗುವೇ ಕಂಪ್ಯೂಟರಿಗೆ ಏನ್ಮಾಡ್ಬೇಕು ಅಂತ ಹೇಳ್ಬೇಕು. ನನಗೆ ಕೇಳಿದ್ರೆ ಎರಡೂ ಬೇಕು. ಮಗ್ಗಿ ಬಾಯಿಗೆ ಬರದ ಮಗು ಎಲ್ಲಾ ಕಡೆ ಎಡವುತ್ತೆ, ಮಗ್ಗಿ ಮಾತ್ರ ಬರೋ ಮಗು ಐದನೇ ಕ್ಲಾಸಿಗೆ ಬಂದು ನಿಂತುಬಿಡುತ್ತೆ.

ನಮ್ಮ ದೇಶದಲ್ಲಿ ಶಾಲೆಗೆ ಕಂಪ್ಯೂಟರ್ ಅಂತ ದೊಡ್ಡದಾಗಿ ಬಂದಿದ್ದು 1984ರ "ಕ್ಲಾಸ್" (CLASS) ಅನ್ನೋ ಸರಕಾರಿ ಪ್ರಾಜೆಕ್ಟಲ್ಲಿ, ಬಿಬಿಸಿ ಮೈಕ್ರೋ ಅನ್ನೋ ಬ್ರಿಟನ್ನಿನ ಮಷೀನುಗಳು, ಆದ್ರೆ ಅವು ಹೈಸ್ಕೂಲು ಮತ್ತೆ ಅದರ ಮೇಲಿನವರಿಗೆ. ಪ್ರೈಮರಿ ಮಕ್ಕಳ ಕೈಗೆ ಬರೋಕೆ ಇನ್ನೂ ಹದಿನೈದು ವರ್ಷ ಹಿಡೀತು. 2000ರ ದಶಕದ ಮೊದಲಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ಕರ್ನಾಟಕದ ಸರಕಾರಿ ಶಾಲೆಗಳಿಗೆ ಕನ್ನಡದಲ್ಲಿ ಸಿಡಿ ಮಾಡಿದ್ರು, ಹುಬ್ಬಳ್ಳಿ ಕಡೆ ಟೀಚರ್ ಆಗಿದ್ದ ನನ್ನ ತಂಗಿ ರಜಕ್ಕೆ ಬಂದಾಗ ಒಂದನ್ನ ತಂದಿದ್ಲು. ಅದನ್ನ ಹಾಕಿದ ದಿನ ಸ್ಪೀಕರಿಂದ ಕನ್ನಡ ಮಾತು ಬಂದಿದ್ದೇ ತಡ, ಒಬ್ಬ ಹುಡುಗ, ಅವನಪ್ಪ ಉಡುಪಿ ಹೋಟೆಲಲ್ಲಿ ಕೆಲಸ ಮಾಡ್ತಿದ್ರು, "ಟೀಚರ್, ಇದು ನಮ್ಮೂರಿನ ಕಂಪ್ಯೂಟರಾ" ಅಂತ ಕೇಳಿದ. ಆ ಪ್ರಶ್ನೆ ಕೇಳಿ ನನ್ನ ಗಂಟಲು ಕಟ್ಟಿಬಂತು, ಯಾಕಂದ್ರೆ ಅಲ್ಲೀವರೆಗೂ ಕಂಪ್ಯೂಟರ್ ಅಂದ್ರೆ ಇಂಗ್ಲಿಷು, ಇಂಗ್ಲಿಷ್ ಅಂದ್ರೆ ಬೇರೆ ಯಾರದ್ದೋ ಮನೆ ಸಾಮಾನು ಅಂತಲೇ ಆ ಮಕ್ಕಳಿಗೆ ಇತ್ತು.

ಈಗ ನೀವು ಹಾಕ್ಕೊಳ್ಳಬೇಕಾದ್ದು. ಅಭ್ಯಾಸಕ್ಕೆ ಟಕ್ಸ್‌ಮ್ಯಾಥ್, ಪೂರ್ತಿ ಫ್ರೀ, ಕಾನೂನು ಪ್ರಕಾರವೇ ಫ್ರೀ. ಆಕಾಶದಿಂದ ಧೂಮಕೇತು ಬೀಳ್ತವೆ, ಪ್ರತಿಯೊಂದರ ಮೇಲೆ ಒಂದು ಲೆಕ್ಕ, ಉತ್ತರ ಟೈಪ್ ಮಾಡಿ ಎಂಟರ್ ಒತ್ತಿದ್ರೆ ಪೆಂಗ್ವಿನ್ ಅದನ್ನ ಹೊಡೆದುರುಳಿಸುತ್ತೆ, ತಡ ಮಾಡಿದ್ರೆ ಕೆಳಗಿರೋ ಮಂಜಿನ ಮನೆ ಕರಗುತ್ತೆ. ತೀರಾ ಚಿಕ್ಕವರಿಗೆ ಜಿಕಾಂಪ್ರಿ, ಅದೂ ಫ್ರೀ, 2000ದಲ್ಲಿ ಫ್ರಾನ್ಸಿನ ಬ್ರೂನೋ ಕುದ್ವಾ ಶುರು ಮಾಡಿದ್ದು, ಆ ಹೆಸರನ್ನ ಫ್ರೆಂಚಲ್ಲಿ ಓದಿದ್ರೆ "ನಂಗೆ ಅರ್ಥ ಆಯ್ತು" ಅಂತ ಕೇಳ್ಸುತ್ತೆ, ತಕ್ಕಡಿ ತೂಗೋದು, ಚಿಲ್ಲರೆ ಎಣಿಸೋದು ಎಲ್ಲಾ ಇದೆ. ಕಟ್ಟೋದಕ್ಕೆ ಲೋಗೋ, ವಿಂಡೋಸಿಗೆ ಎಫ್‌ಎಂಎಸ್ ಲೋಗೋ ಅಂತ ಸಿಗುತ್ತೆ, ಅದು ನಮ್ಮಲ್ಲಿ ಎಷ್ಟೋ ಶಾಲೆಗಳಲ್ಲಿ ಇದ್ದ ಎಂಎಸ್‌ಡಬ್ಲ್ಯೂ ಲೋಗೋದ ಮುಂದಿನ ರೂಪ. ಮತ್ತೆ ನನ್ನ ಮೆಚ್ಚಿನ ನಂಬರ್ ಮಂಚರ್ಸ್, ಅಮೆರಿಕದ ಮಿನೆಸೋಟಾ ರಾಜ್ಯ ತನ್ನ ಶಾಲೆಗಳಿಗಾಗಿ 1973ರಲ್ಲಿ ಶುರು ಮಾಡಿದ ಮೆಕ್ ಅನ್ನೋ ಸಂಸ್ಥೆ 1986ರಲ್ಲಿ ಆಪಲ್ ಟೂ ಕಂಪ್ಯೂಟರಿಗೆ ತಂದಿದ್ದು, ಆಮೇಲೆ ವಿಂಡೋಸಿಗೂ ಮುಂಚಿನ ಡಾಸ್ ಕಂಪ್ಯೂಟರಿಗೂ ಬಂತು. ಇದನ್ನ ಇಂಟರ್ನೆಟ್ ಆರ್ಕೈವ್ ಸೈಟಲ್ಲಿ ಬ್ರೌಸರ್ ಒಳಗೇ ಆಡ್ಬಹುದು, ಇನ್‌ಸ್ಟಾಲ್ ಏನೂ ಬೇಡ. ಹಳೇ ಡಿಸ್ಕು, ಸಿಡಿ ನಿಮ್ಮ ಹತ್ರಾನೇ ಇದ್ರೆ, ಡಾಸ್ ಗೇಮನ್ನ ಈಗಿನ ಕಂಪ್ಯೂಟರಲ್ಲಿ ಓಡ್ಸೋ ಫ್ರೀ ಪ್ರೋಗ್ರಾಂ ಡಾಸ್‌ಬಾಕ್ಸ್ ಹಾಕ್ಕೊಳ್ಳಿ: ಗೇಮಿನ ಫೈಲುಗಳನ್ನ ಒಂದು ಫೋಲ್ಡರಿಗೆ ಹಾಕಿ, ಡಾಸ್‌ಬಾಕ್ಸ್ ಓಪನ್ ಮಾಡಿ ಮೌಂಟ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ಸ್ಪೇಸ್ ಬಿಟ್ಟು ಸಿ, ಮತ್ತೆ ಸ್ಪೇಸ್ ಬಿಟ್ಟು ಆ ಫೋಲ್ಡರಿನ ಪೂರ್ತಿ ದಾರಿ, ಎಂಟರ್, ಆಮೇಲೆ ಸಿ ಕೋಲನ್ ಎಂಟರ್, ಆಮೇಲೆ ಗೇಮಿನ ಹೆಸರು. ಆಟ ಹುಚ್ಚು ಸ್ಪೀಡಲ್ಲಿ ಓಡಿದ್ರೆ ಕಂಟ್ರೋಲ್ ಜೊತೆ ಎಫ್ 11 ಒತ್ತಿದ್ರೆ ನಿಧಾನ ಆಗುತ್ತೆ, ಎಫ್ 12 ಒತ್ತಿದ್ರೆ ಜೋರು, ಆಲ್ಟ್ ಎಂಟರ್ ಒತ್ತಿದ್ರೆ ಪರದೆ ತುಂಬ ಬರುತ್ತೆ. ಮೌಸ್ ಒಳಗೆ ಸಿಕ್ಕಿಹಾಕ್ಕೊಂಡ್ರೆ ಕಂಟ್ರೋಲ್ ಎಫ್ 10.

ಇದೆಲ್ಲ ಶನಿವಾರ ರಾತ್ರಿನೇ ಮಾಡಿಟ್ಕೊಳ್ಳಿ. ಮಕ್ಕಳು ಕೂತ್ಮೇಲೆ ಸಾಫ್ಟ್‌ವೇರ್ ರಿಪೇರಿ ಮಾಡೋಕೆ ಹೋದ್ರೆ ಆ ದಿನ ಮುಗೀತು.

ಕೂರಿಸೋದು ಹೇಗೆ ಅನ್ನೋದು ಈಗ. ಒಬ್ಬರು ಕೈ, ಒಬ್ಬರು ಬಾಯಿ. ಕೀಬೋರ್ಡ್ ಮುಟ್ಟೋ ಮಗು ಉತ್ತರ ಹೇಳೋ ಹಾಗಿಲ್ಲ, ಉತ್ತರ ಹೇಳೋ ಮಗು ಕೀಬೋರ್ಡ್ ಮುಟ್ಟೋ ಹಾಗಿಲ್ಲ. ಕೈ ಮಗುವಿಗೆ ಉತ್ತರ ತಪ್ಪು ಅನ್ನಿಸಿದ್ರೆ ಒತ್ತೋ ಮುಂಚೆ "ಯಾಕೆ" ಅಂತ ಕೇಳ್ಬೇಕು, ಬಾಯಿ ಮಗು ಹೇಳ್ಬೇಕು, ಇಬ್ಬರೂ ಒಪ್ಪಿದ್ಮೇಲೆ ಎಂಟರ್. ಹತ್ತು ನಿಮಿಷಕ್ಕೆ ಅದಲು ಬದಲು, ಅಡುಗೆಮನೆ ಟೈಮರ್ ಇಟ್ಬಿಡಿ, ನಿಮ್ಮ ಬಾಯಲ್ಲಿ ಹೇಳಿದ್ರೆ "ಇನ್ನೊಂದ್ಸಲ ಟೀಚರ್, ಪ್ಲೀಸ್" ಶುರುವಾಗುತ್ತೆ, ಟೈಮರ್ ಹತ್ರ ಯಾರೂ ಜಗಳ ಆಡಲ್ಲ. ಜೋಡಿ ಮಾಡುವಾಗ ತುಂಬಾ ಜೋರಿನ ಮಗು ಜೊತೆ ತೀರಾ ಹಿಂದಿರೋ ಮಗುವನ್ನ ಕೂರಿಸ್ಬೇಡಿ, ಜೋರಿನವರು ನುಂಗಿಬಿಡ್ತಾರೆ. ಒಂದೆರಡು ಮೆಟ್ಟಿಲು ವ್ಯತ್ಯಾಸ ಇದ್ರೆ ಚೆನ್ನ. ಅಣ್ಣ ತಂಗಿ ಒಟ್ಟಿಗೆ ಬೇಡ, ಮನೇಲಿ ಒಂದೇ ಮಗು ಇದ್ರೆ ಪಕ್ಕದ ಫ್ಲ್ಯಾಟಿನ ಮಗುವನ್ನ ಕರೀರಿ, ಯಾರೂ ಸಿಗದಿದ್ರೆ ನೀವೇ ಕೈ ಆಗಿ, ಬಾಯಿ ಆಗ್ಬೇಡಿ.

ವಾರಕ್ಕೆ ಎರಡು ಗಂಟೆ ಸಾಕು. ಇದು ನನ್ನ ಮಾತು ಮಾತ್ರ ಆಗಿದ್ರೆ ಇಷ್ಟು ಧೈರ್ಯವಾಗಿ ಹೇಳ್ತಿರಲಿಲ್ಲ. ನಮ್ಮ ಮುಂಬೈಯಲ್ಲೇ ಹುಟ್ಟಿದ, ಮಕ್ಕಳ ಕಲಿಕೆಗೆ ಕೆಲಸ ಮಾಡೋ ಪ್ರಥಮ್ ಸಂಸ್ಥೆ ವಡೋದರಾದ ಮುನ್ಸಿಪಾಲಿಟಿ ಶಾಲೆಗಳಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ, ಲೆಕ್ಕದ ಗೇಮ್ ಆಡ್ಸಿತ್ತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತೆ ಅವರ ಜೊತೆಗಾರರು ಅದನ್ನ ಅಳೆದು 2007ರಲ್ಲಿ ಪ್ರಕಟಿಸಿದ್ರು, ಎರಡನೇ ವರ್ಷದಲ್ಲಿ ಲೆಕ್ಕದ ಅಂಕ 0.47 ಸ್ಟ್ಯಾಂಡರ್ಡ್ ಡೀವಿಯೇಶನ್ (ಮಕ್ಕಳ ಅಂಕ ಎಷ್ಟು ಹರಡಿದೆ ಅಂತ ಅಳೆಯೋ ಮಾನ) ಮೇಲೇರಿತ್ತು, ಶಾಲೆ ವಿಷಯದಲ್ಲಿ ಅದು ದೊಡ್ಡ ಏರಿಕೆ. ಆದ್ರೆ ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇದೆ, ಪ್ರೋಗ್ರಾಂ ಮುಗಿದು ಒಂದು ವರ್ಷ ಆದ್ಮೇಲೆ ನೋಡಿದ್ರೆ ಆ ಲಾಭ ಕರಗಿ ಸುಮಾರು 0.1ಕ್ಕೆ ಬಂದಿತ್ತು. ಅದನ್ನ ಓದಿದಾಗ ನಂಗೆ ಬೇಜಾರಾಯ್ತು, ಆಶ್ಚರ್ಯ ಆಗಲಿಲ್ಲ, ರಜದ ನಂತರ ನನ್ನ ಕ್ಲಾಸಲ್ಲೂ ಹಾಗೇ ಆಗ್ತಿತ್ತು. ಅದಕ್ಕೇ ನಾನು ನೋಟ್‌ಬುಕ್ ಬಿಡಲ್ಲ. ಪ್ರತಿ ಜೋಡಿಗೆ ಒಂದೇ ಚೌಕುಳಿ ಪುಸ್ತಕ, ಗೇಮಲ್ಲಿ ತಪ್ಪಿದ ಲೆಕ್ಕ ಮಾತ್ರ ಅದರಲ್ಲಿ ಬರೀಬೇಕು, ಸರಿ ಮಾಡಿದ್ದು ಬೇಡ. ಮುಂದಿನ ವಾರ ಕಂಪ್ಯೂಟರ್ ಆನ್ ಮಾಡೋ ಮುಂಚೆ ಆ ತಪ್ಪಿದ ಐದಾರು ಲೆಕ್ಕವನ್ನ ಬಾಯಲ್ಲಿ ಕೇಳಿ. ತಿಂಗಳು ಬಿಟ್ಟು ಮತ್ತೆ ಅವನ್ನೇ ಕೇಳಿ. ಪರದೆ ಮೇಲಿಂದ ಕಾಗದಕ್ಕೆ ಇಳಿದ ಲೆಕ್ಕ ಉಳಿಯುತ್ತೆ.

ಟಕ್ಸ್‌ಮ್ಯಾಥ್ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗ್ತೀನಿ. ಮಗುವಿಗೆ ಬರೋ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿಂದ ಶುರು ಮಾಡ್ಸಿ, ಮೊದಲ ದಿನ ಗೆಲ್ಲಲಿ. ಮತ್ತೆ ಲೆಕ್ಕವನ್ನ ಜೋರಾಗಿ ಯಾವ ಭಾಷೆಯಲ್ಲಿ ಓದ್ಬೇಕು ಅಂತ ಮಗುವೇ ಆರಿಸ್ಕೊಳ್ಳಲಿ. ನಮ್ಮ ಮುಂಬೈ ಮಕ್ಕಳ ಕಷ್ಟ ಊರಿನವರಿಗೆ ಗೊತ್ತಾಗಲ್ಲ: ಮನೇಲಿ ಅಜ್ಜಿ "ಎರಡೊಂದ್ಲ ಎರಡು" ಹೇಳ್ಸಿರ್ತಾರೆ, ಪಕ್ಕದ ಮನೆ ಮಕ್ಕಳು "ಬೇ ಏಕೆ ಬೇ, ಬೇ ದುಣೆ ಚಾರ್", ಶಾಲೆಯಲ್ಲಿ "ಟೂ ಒನ್ಸಾರ್ ಟೂ". ಮರಾಠಿಯಲ್ಲಿ 29ಕ್ಕೆ ಏಕೋಣತೀಸ್, ಅಂದ್ರೆ ಮೂವತ್ತಕ್ಕೆ ಒಂದು ಕಮ್ಮಿ, ಕಿವಿಗೆ ಮೂವತ್ತು ಕೇಳ್ಸುತ್ತೆ, ಕೈ ಮೂರು ಒತ್ತುತ್ತೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಾಡೋ ಪುಣೆಯ ಬಾಲಭಾರತಿಯವರು ಎರಡನೇ ಕ್ಲಾಸಿನ ಮರಾಠಿ ಲೆಕ್ಕದ ಪುಸ್ತಕದಲ್ಲಿ 21ಕ್ಕೆ "ಏಕವೀಸ್" (ಒಂದು ಇಪ್ಪತ್ತು) ಜೊತೆಗೆ "ವೀಸ್ ಏಕ್" (ಇಪ್ಪತ್ತು ಒಂದು) ಅಂತಲೂ ಓದೋದನ್ನ ತಂದಾಗ ಎಷ್ಟು ಗಲಾಟೆ ಆಯ್ತು ಅಂತ ಇಲ್ಲಿರೋರಿಗೆ ನೆನಪಿರುತ್ತೆ. ನಾನಂತೂ ಆ ಬದಲಾವಣೆ ಪರ ಇದ್ದೆ. ಕನ್ನಡದಲ್ಲಿ ಇಪ್ಪತ್ತೊಂದು, ಇಪ್ಪತ್ತೊಂಬತ್ತು ಅಂತ ಬರೆದ ಹಾಗೇ ಓದ್ತೀವಿ, ಇದು ನಮ್ಮ ಮಕ್ಕಳಿಗೆ ಸಿಕ್ಕಿರೋ ಬಳುವಳಿ, ಉಪಯೋಗಿಸ್ಕೊಳ್ಳಿ, ಸ್ಥಾನಬೆಲೆ ಗೊಂದಲ ಇರೋ ಮಗುವಿಗೆ ಕನ್ನಡದಲ್ಲಿ ಓದಿಸಿ ನೋಡಿ.

ನಂಬರ್ ಮಂಚರ್ಸಿಗೆ ಬರೋಣ. ಆರು ಕಾಲಂ, ಐದು ಸಾಲು, ಒಟ್ಟು 30 ಮನೆ, ಪ್ರತಿ ಮನೆಯಲ್ಲಿ ಒಂದು ಸಂಖ್ಯೆ. ಒಂದು ಹಸಿರು ಹೊಟ್ಟೆಬಾಕ ಪ್ರಾಣಿ, ಬಾಣದ ಕೀಲಿ ಒತ್ತಿ ಓಡಾಡ್ಸಿ, ಮೇಲೆ ಹೇಳಿರೋ ನಿಯಮಕ್ಕೆ ಸರಿಹೋಗೋ ಸಂಖ್ಯೆ ಮೇಲೆ ನಿಂತು ಸ್ಪೇಸ್ ಬಾರ್ ಒತ್ತಿದ್ರೆ ತಿನ್ನುತ್ತೆ, ಮಧ್ಯೆ ಮಧ್ಯೆ ಟ್ರಾಗಲ್ ಅನ್ನೋ ರಾಕ್ಷಸರು ಬರ್ತಾರೆ. ಅಪವರ್ತ್ಯ (ಮಲ್ಟಿಪಲ್ಸ್), ಅಪವರ್ತನ (ಫ್ಯಾಕ್ಟರ್ಸ್), ಅವಿಭಾಜ್ಯ (ಪ್ರೈಮ್ಸ್), ಕೊಟ್ಟ ಸಂಖ್ಯೆಗೆ ಬೆಲೆ ಸಮ ಇರೋದು, ಸಮ ಇಲ್ಲದ್ದು ಹೀಗೆ ಬೇರೆ ಬೇರೆ ಆಟ. ಮೊದಲು ಮಲ್ಟಿಪಲ್ಸ್ ಆಡ್ಸಿ, ಅದು ಕೈವಶ ಆದ್ಮೇಲೆ ಫ್ಯಾಕ್ಟರ್ಸ್, ಅದಾದ್ಮೇಲೇನೇ ಪ್ರೈಮ್ಸ್. ಈ ಕ್ರಮ ತಪ್ಪಿಸ್ಬೇಡಿ. ಕನ್ನಡ ಮೀಡಿಯಮ್ಮಿನ ಮಕ್ಕಳಿಗೆ ಇಲ್ಲೊಂದು ತೊಡಕಿದೆ, ಅಪವರ್ತನ ಅಂದ್ರೆ ಫ್ಯಾಕ್ಟರ್, ಅಪವರ್ತ್ಯ ಅಂದ್ರೆ ಮಲ್ಟಿಪಲ್, ಎರಡೂ ಕಿವಿಗೆ ಒಂದೇ ಥರ, ಮ.ಸಾ.ಅ. ಲ.ಸಾ.ಅ. ಎರಡರಲ್ಲೂ ಕೊನೇಗೆ ಅದೇ ಅ. ನಾನು ಹೇಳ್ಕೊಡೋದು ಹೀಗೆ: 12ರ ಮನೆ ಒಳಗೆ ಇರೋರು ಅಪವರ್ತನ, 12 ಹೆಜ್ಜೆ ಹಾಕ್ಕೊಂಡು ಮುಂದೆ ಹೋದಾಗ ಸಿಗೋರು ಅಪವರ್ತ್ಯ. ಒಳಗೆ ಇರೋರು ಎಣಿಸಿ ಮುಗಿಯುತ್ತೆ, ದಾರೀಲಿ ಸಿಗೋರು ಮುಗಿಯಲ್ಲ.

ಪ್ರೈಮ್ಸ್ ಆಟದಲ್ಲಿ ಎಲ್ಲಾ ಮಕ್ಕಳೂ ಬೀಳೋ ಎರಡು ಗುಂಡಿ ಇದಾವೆ. ಒಂದು, 1. ಎಲ್ಲರೂ ಅದನ್ನ ತಿಂತಾರೆ, ಪ್ರಾಣಿ ಸಾಯುತ್ತೆ. ಆಗ ನೀವು ತಕ್ಷಣ ವಿವರಿಸ್ಬೇಡಿ, ಇಬ್ಬರಿಗೂ ಹುಣಸೆ ಬೀಜದ ಡಬ್ಬಿ ಕೊಡಿ. 7 ಬೀಜ ಎಷ್ಟು ಥರ ಸಾಲಾಗಿ ಜೋಡ್ಸಬಹುದು? ಒಂದು ಸಾಲಲ್ಲಿ ಏಳು, ಇಲ್ಲಾ ಏಳು ಸಾಲಲ್ಲಿ ಒಂದೊಂದು, ಎರಡೇ ಥರ. 5ಕ್ಕೂ ಎರಡೇ, 11ಕ್ಕೂ ಎರಡೇ. 1 ಬೀಜ? ಒಂದೇ ಥರ. ಎರಡು ಥರ ಬರೋರದ್ದು ಒಂದು ಜಾತಿ, ಒಂದೇ ಥರ ಬರೋ ಒಂಟಿ ಅದಕ್ಕೆ ಸೇರಲ್ಲ ಅಂತ ಮಕ್ಕಳೇ ಹೇಳ್ತಾರೆ. ಎರಡನೇ ಗುಂಡಿ 51. ನೋಡೋಕೆ ಪೂರ್ತಿ ಅವಿಭಾಜ್ಯದ ಥರಾನೇ ಇದೆ, ಯಾವ ಮಗ್ಗಿಯಲ್ಲೂ ಕೇಳಿದ ನೆನಪಿಲ್ಲ. ಒಂದ್ಸಲ ನಾಲ್ಕನೇ ಕ್ಲಾಸಿನ ಇಬ್ಬರು ಹುಡುಗೀರು ಅದರ ಮೇಲೆ ಹತ್ತು ನಿಮಿಷ ನಿಂತಿದ್ರು, ಒಬ್ಬಳು ತಿನ್ನು ಅಂತಾಳೆ, ಇನ್ನೊಬ್ಬಳು ಬೇಡ ಏನೋ ಸರಿ ಇಲ್ಲ ಅಂತಾಳೆ, ಯಾಕೆ ಅಂದ್ರೆ ಹೇಳೋಕೆ ಬರ್ತಿಲ್ಲ. ಕೊನೇಗೆ 51 ಬೀಜ ಎಣಿಸಿ ಮೂರು ಮೂರಾಗಿ ಇಡ್ತಾ ಹೋದ್ರು, ಹದಿನೇಳನೇ ಸಾಲಿಗೆ ಬೀಜ ಖಾಲಿ, ಒಂದೂ ಉಳಿಲಿಲ್ಲ. ಬೇಡ ಅಂದಿದ್ದ ಹುಡುಗಿ ಆ ಬೀಜದ ಸಾಲುಗಳನ್ನ ಕೈಯಲ್ಲಿ ಮೆಲ್ಲಗೆ ಸವರಿ "ಹದಿನೇಳ್ಮೂರ್ಲ ಐವತ್ತೊಂದು" ಅಂತ ತನಗೇ ಹೇಳ್ಕೊಂಡ್ಲು. ಅಷ್ಟೊತ್ತಿಗೆ ಪರದೆ ಮೇಲೆ ರಾಕ್ಷಸ ಬಂದು ಪ್ರಾಣಿಯನ್ನ ತಿಂದು ಎಷ್ಟೋ ಹೊತ್ತಾಗಿತ್ತು, ಇಬ್ಬರೂ ಅತ್ತ ನೋಡ್ಲೇ ಇಲ್ಲ. ಆಮೇಲೆ 57, 91 ನೋಡಿದ್ರೂ ಅವರು ಅನುಮಾನ ಪಡ್ತಿದ್ರು, ಅನುಮಾನ ಪಡೋದನ್ನ ಕಲಿತ್ರು ಅಂದ್ರೆ ಅವಿಭಾಜ್ಯ ಪಾಠ ಅರ್ಧ ಮುಗಿದ ಹಾಗೆ.

ಈ ಗೇಮುಗಳ ಸ್ಕೋರ್ ಪಟ್ಟಿಯನ್ನ ಮಾತ್ರ ಗೋಡೆಗೆ ಅಂಟಿಸ್ಬೇಡಿ. ನಾನು ಆಮೇಲೆ ಕೆಲಸ ಮಾಡಿದ ಇನ್ನೊಂದು ಶಾಲೆಯಲ್ಲಿ ಲ್ಯಾಬ್ ಬಾಗಿಲಿಗೆ ಪ್ರತಿ ಶುಕ್ರವಾರ ಹೆಸರಿನ ಜೊತೆ ಅಂಕ ಹಾಕ್ತಿದ್ರು, ಮೇಲಿಂದ ಕೆಳಗೆ. ಮೂರನೇ ಕ್ಲಾಸಿನ ಒಂದು ಹುಡುಗ ನಾಲ್ಕು ವಾರ ಕಡೇ ಹೆಸರಾಗಿದ್ದ, ಐದನೇ ಶುಕ್ರವಾರದಿಂದ ಅವನಿಗೆ ಹೊಟ್ಟೆನೋವು ಬರೋಕೆ ಶುರುವಾಯ್ತು. ನಾನು ಹೋಗಿ ಹೇಳಿದೆ, ತೆಗೀರಿ ಅಂತ ಕೇಳ್ಕೊಂಡೆ, ಪೇರೆಂಟ್ಸಿಗೆ ಇಷ್ಟ ಆಗುತ್ತೆ ಅಂದ್ರು. ಆ ಹುಡುಗ ವರ್ಷದ ಕೊನೇವರೆಗೂ ಲ್ಯಾಬಿಗೆ ಖುಷಿಯಿಂದ ಬರಲೇ ಇಲ್ಲ, ಅದು ನಂಗೆ ಈಗಲೂ ನೋವು. ಟೈಮ್ ಇಟ್ಟು ಓಡ್ಸೋ ಆಟ ಕೆಲವು ಮಕ್ಕಳಿಗೆ ಆಗಲ್ಲ, ಅಂಥವರಿಗೆ ಸ್ಪೀಡ್ ಕಮ್ಮಿ ಮಾಡಿ, ಇಲ್ಲಾ ಜಿಕಾಂಪ್ರಿ ತಕ್ಕಡಿ ಕೊಡಿ, ಅದು ಯಾರನ್ನೂ ಓಡ್ಸಲ್ಲ.

ಲೋಗೋಗೆ ಎಷ್ಟು ಸಮಯ ಕೊಟ್ರೂ ಕಮ್ಮಿ. ಮೂರನೇ ಕ್ಲಾಸಿಂದ ಮೇಲಿನವರಿಗೆ. ನಾವು ಹೇಳಿದ ಹಾಗೆ ಪರದೆ ಮೇಲೆ ನಡೆದು ಗೆರೆ ಎಳೆಯೋದಕ್ಕೆ ಲೋಗೋದಲ್ಲಿ ಆಮೆ ಅಂತಾರೆ. ಓಪನ್ ಮಾಡಿದ ಕೂಡ್ಲೇ ಎಲ್ಲರೂ ಕೇಳೋದು "ಟೀಚರ್, ಆಮೆ ಎಲ್ಲಿ", ಯಾಕಂದ್ರೆ ಎಫ್‌ಎಂಎಸ್ ಲೋಗೋದಲ್ಲಿ ಆಮೆ ಅಂದ್ರೆ ಒಂದು ಪುಟ್ಟ ತ್ರಿಕೋನ. ಹಿಂದೆ ಅದು ನಿಜವಾದ ರೋಬೋ ಆಗಿತ್ತು, ನೆಲದ ಮೇಲೆ ಹರಿದಾಡ್ತಾ ಪೆನ್ನಲ್ಲಿ ಗೆರೆ ಎಳೀತಿತ್ತು, ಆಮೇಲೆ ಪರದೆ ಒಳಗೆ ಹೋಯ್ತು ಅಂತ ಹೇಳಿ, ಮಕ್ಕಳಿಗೆ ಆ ಕಥೆ ಇಷ್ಟ. ನಾಲ್ಕು ಕಮ್ಯಾಂಡ್ ಸಾಕು, ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ಬೇಕು: ಎಫ್‌ಡಿ ಅಂದ್ರೆ ಮುಂದೆ, ಬಿಕೆ ಹಿಂದೆ, ಆರ್‌ಟಿ ಬಲಕ್ಕೆ ತಿರುಗು, ಎಲ್‌ಟಿ ಎಡಕ್ಕೆ. ಎಫ್‌ಡಿ 100 ಅಂದ್ರೆ 100 ಹೆಜ್ಜೆ, ಆರ್‌ಟಿ 90 ಅಂದ್ರೆ 90 ಡಿಗ್ರಿ. ಪರದೆ ಅಳಿಸೋಕೆ ಸಿಎಸ್. ಅಕ್ಷರಕ್ಕೂ ಅಂಕಿಗೂ ಮಧ್ಯೆ ಜಾಗ ಬಿಡದೆ ಎಫ್‌ಡಿ100 ಅಂತ ಒತ್ತಿದ್ರೆ ಲೋಗೋ "ಇದು ಹೇಗೆ ಮಾಡೋದು ನಂಗೆ ಗೊತ್ತಿಲ್ಲ" ಅಂತ ಇಂಗ್ಲಿಷಲ್ಲಿ ಹೇಳುತ್ತೆ. ಈ ಸಾಲನ್ನ ಮಕ್ಕಳಿಗೆ ಓದಿ ಹೇಳಿ. ತಪ್ಪು, ರಾಂಗ್, ಅಂತ ಕೆಂಪು ಗುರುತು ಹಾಕೋ ಬದಲು ತನಗೇ ಗೊತ್ತಿಲ್ಲ ಅನ್ನೋ ಮಷೀನ್ ನೋಡಿ ಎಷ್ಟೋ ಹೆದರುಪುಕ್ಕಲು ಮಕ್ಕಳು ಧೈರ್ಯ ತಗೊಂಡಿದಾರೆ.

ಚೌಕ ಯಾರಾದ್ರೂ ಮಾಡ್ತಾರೆ. ಎಫ್‌ಡಿ 100 ಆರ್‌ಟಿ 90 ನಾಲ್ಕು ಸಲ. ಮೂರು ಸಲ ಬರೆದು ಬೇಜಾರಾದಾಗ ರಿಪೀಟ್ ತೋರ್ಸಿ: ರಿಪೀಟ್ 4 [ಎಫ್‌ಡಿ 100 ಆರ್‌ಟಿ 90]. ಬೇಜಾರಾಗೋ ಮುಂಚೆ ತೋರ್ಸಬೇಡಿ, ಅದರ ಬೆಲೆ ಗೊತ್ತಾಗಲ್ಲ.

ಆಮೇಲೆ ತ್ರಿಕೋನ ಕೇಳಿ. ಮೂರೂ ಬದಿ ಸಮ ಇರೋ ತ್ರಿಕೋನದ ಕೋನ 60 ಅಂತ ಪುಸ್ತಕದಲ್ಲಿ ಓದಿರೋ ದೊಡ್ಡ ಮಕ್ಕಳು ನೇರವಾಗಿ ಆರ್‌ಟಿ 60 ಒತ್ತುತ್ತಾರೆ, ಮೂರು ಸಲ ಮಾಡಿದ್ರೆ ತ್ರಿಕೋನ ಮುಚ್ಚಲ್ಲ, ಬಾಣಲೆ ಬಗ್ಗಿಸಿಟ್ಟ ಹಾಗೆ ಅರ್ಧ ಷಟ್ಕೋನ ಬರುತ್ತೆ. ಇಲ್ಲಿ ನೀವು ಬಾಯಿ ಮುಚ್ಕೊಂಡಿರ್ಬೇಕು, ಇದು ಟೀಚರಿಗೂ ಅಪ್ಪ ಅಮ್ಮಂಗೂ ತುಂಬಾ ಕಷ್ಟದ ಕೆಲಸ. ಐದು ನಿಮಿಷ ಅವರು ಕಂಪ್ಯೂಟರ್ ಹಾಳಾಗಿದೆ ಅಂತ ವಾದ ಮಾಡಲಿ. ಆಮೇಲೆ ಇಬ್ಬರನ್ನೂ ಎಬ್ಬಿಸಿ, ನೆಲದ ಮೇಲೆ ಚಾಕಲ್ಲಿ ದೊಡ್ಡ ತ್ರಿಕೋನ ಬರೀರಿ, ಪ್ರತಿ ಬದಿ ನಾಲ್ಕು ಹೆಜ್ಜೆಯಷ್ಟು ಇರಲಿ. ಒಂದು ಮಗು ಆಮೆ, ಗೆರೆ ಮೇಲೆ ನಡೀಬೇಕು, ಮೂಗು ಯಾವಾಗಲೂ ಮುಂದೆ. ಇನ್ನೊಂದು ಮಗು ಕಮ್ಯಾಂಡ್ ಕೊಡ್ಬೇಕು. ಮೂಲೆಗೆ ಬಂದಾಗ ನಿಲ್ಸಿ, ಅದು ನೋಡ್ತಿರೋ ದಿಕ್ಕಿಗೇ ಇನ್ನೊಂದು ಬಣ್ಣದ ಚಾಕಲ್ಲಿ ಗೆರೆಯನ್ನ ಮುಂದಕ್ಕೆ ಎಳೀರಿ, ಈಗ ಆ ಹೊಸ ಗೆರೆಯಿಂದ ತ್ರಿಕೋನದ ಮುಂದಿನ ಬದಿಗೆ ತಿರುಗು ಅಂತ ಹೇಳಿ. ಮಗು ತಿರುಗುವಾಗ ಎಷ್ಟು ದೂರ ತಿರುಗ್ತಿದೆ ಅಂತ ಮೈಗೇ ಗೊತ್ತಾಗುತ್ತೆ, ಚೌಕದ ಮೂಲೆಗಿಂತ ಜಾಸ್ತಿ, ಹೆಚ್ಚುಕಮ್ಮಿ ಹಿಂದಕ್ಕೇ ತಿರುಗಿದ ಹಾಗೆ. ನಮ್ಮ ರೂಮಲ್ಲಿ ಹೀಗೆ ಮಾಡುವಾಗ ಎರಡು ಜಡೆ ಹಾಕಿದ್ದ ಒಂದು ಹುಡುಗಿ ತಿರುಗೋದನ್ನ ಮಧ್ಯದಲ್ಲೇ ನಿಲ್ಸಿ, ತನ್ನ ಎರಡೂ ಕೈಯನ್ನ ಎರಡು ಗೆರೆ ಕಡೆ ಚಾಚಿ, "ಟೀಚರ್, ಪುಸ್ತಕದ ಅರವತ್ತು ಒಳಗಡೆ ಇದೆ, ನಾನು ತಿರುಗಿದ್ದು ಹೊರಗಡೆ" ಅಂದ್ಲು. 180ರಲ್ಲಿ 60 ಕಳೆದ್ರೆ 120, ಅದನ್ನ ಅವಳೇ ಓಡಿಹೋಗಿ ಒತ್ತಿದ್ಲು, ತ್ರಿಕೋನ ಮುಚ್ಚಿತು. ನನ್ನ ಇಪ್ಪತ್ತೈದು ವರ್ಷದ ಪಾಠದಲ್ಲಿ ಬಾಹ್ಯಕೋನವನ್ನ ನಾನು ಬೋರ್ಡ್ ಮೇಲೆ ಎಷ್ಟು ಸಲ ಬರೆದಿದೀನೋ, ಒಂದ್ಸಲವೂ ಅದು ಯಾವ ಮಗುವಿನ ಮೈಯೊಳಗೂ ಹೀಗೆ ಇಳಿದಿದ್ದನ್ನ ನೋಡಿರಲಿಲ್ಲ.

ಅಲ್ಲಿಂದ ಮುಂದೆ ನೋಟ್‌ಬುಕ್ಕಲ್ಲಿ ಒಂದು ಪಟ್ಟಿ ಮಾಡ್ಸಿ. ಮೂರು ಬದಿಗೆ 120, ನಾಲ್ಕಕ್ಕೆ 90, ಐದಕ್ಕೆ? ಊಹೆ ಬರೆದು ಆಮೇಲೆ ಒತ್ತಲಿ. ಕೆಲವರು 70, 75, 71 ಅಂತ ತಡಕಾಡಿ 72ಕ್ಕೆ ಬಂದು ನಿಲ್ತಾರೆ, ತಡಕಾಡಲಿ. ಆರಕ್ಕೆ 60 ಬಂದಾಗ ಅಲ್ಲೇ ಹಳೇ ಅರ್ಧ ಬಾಣಲೆ ನೆನಪಾಗಿ ಒಬ್ಬರನ್ನೊಬ್ಬರು ನೋಡ್ತಾರೆ. ಪಟ್ಟಿಯನ್ನ ನೋಡ್ತಾ ಯಾವುದೋ ಒಂದು ಜೋಡಿ ಬದಿಯನ್ನ ಡಿಗ್ರಿಗೆ ಗುಣಿಸುತ್ತೆ, ಎಲ್ಲಾ ಕಡೆ 360. ಯಾರೂ ಗುಣಿಸದಿದ್ರೆ ಮುಂದಿನ ವಾರದವರೆಗೆ ಕಾಯಿರಿ, ಅವಸರ ಏನೂ ಇಲ್ಲ. ಏಳು ಬದಿಯದ್ದು ಪೂರ್ಣ ಸಂಖ್ಯೆಗೆ ಬರಲ್ಲ, ದೊಡ್ಡವರಾದ್ರೆ 360 ಭಾಗ 7 ಅಂತಲೇ ಟೈಪ್ ಮಾಡೋದನ್ನ ತೋರ್ಸಿ, ಲೋಗೋ ತಾನೇ ಭಾಗ ಮಾಡ್ಕೊಳ್ಳುತ್ತೆ.

ಸಣ್ಣಪುಟ್ಟ ತೊಂದ್ರೆಗಳು: ಕೀಬೋರ್ಡ್ ಮರಾಠಿಗೋ ಕನ್ನಡಕ್ಕೋ ಬದಲಾಗಿದ್ರೆ ಲೋಗೋ ಏನೂ ಕೇಳಲ್ಲ, ಇಂಗ್ಲಿಷಿಗೆ ತನ್ನಿ. ಮೂರು ಮಷೀನಿನ ಸೌಂಡೂ ಒಟ್ಟಿಗೆ ಬೇಡ, ಮ್ಯೂಟ್ ಮಾಡಿ, ಮಕ್ಕಳ ಮಾತು ನಿಮಗೆ ಕೇಳ್ಸಬೇಕು. ಇಂಟರ್ನೆಟ್ ಇಲ್ಲದಿದ್ರೆ ನಂಬರ್ ಮಂಚರ್ಸನ್ನ ಚೌಕುಳಿ ಪುಸ್ತಕದಲ್ಲೇ ಆಡ್ಬಹುದು, 30 ಮನೆ ಬರೆದು ಒಬ್ಬರು ಸಂಖ್ಯೆ ತುಂಬೋದು, ಇನ್ನೊಬ್ಬರು ಬೀಜ ಇಟ್ಟು ತಿನ್ನೋದು, ನಮ್ಮ ಮಕ್ಕಳು ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ಹೀಗೇ ಆಡೋದು, ಎಷ್ಟೋ ಸಲ ಕರೆಂಟ್ ಬಂದ್ರೂ ಪುಸ್ತಕ ಬಿಡಲ್ಲ.

ಮುಗಿಸೋ ಹತ್ತು ನಿಮಿಷ ಮುಂಚೆ ಎಲ್ಲಾ ಮಷೀನ್ ಆಫ್. ತಪ್ಪಿದ ಲೆಕ್ಕ ಬರೆದಿದಾರಾ ನೋಡಿ, ಪುಟದ ಮೇಲೆ ತಾರೀಕು ಹಾಕ್ಸಿ, ಇಬ್ಬರ ಹೆಸರೂ ಬರೆಸಿ. ಮನೆಗೆ ಹೋಗೋ ಮುಂಚೆ ಒಂದು ಪ್ರಶ್ನೆ ಕೊಟ್ಟು ಕಳ್ಸಿ, ಉತ್ತರ ಹೇಳ್ಬೇಡಿ. ಕಳೆದ ಭಾನುವಾರ ನಾನು ಕೊಟ್ಟಿದ್ದು: ರಿಪೀಟ್ 5 [ಎಫ್‌ಡಿ 100 ಆರ್‌ಟಿ 144] ಒತ್ತಿದ್ರೆ ಐದು ಮೂಲೆಯ ನಕ್ಷತ್ರ ಬರುತ್ತೆ, ಐದು ಸಲ 144 ಕೂಡಿದ್ರೆ 360 ಬರಲ್ಲ, 720 ಬರುತ್ತೆ, ಆದ್ರೂ ಅದು ಹೊರಟ ಜಾಗಕ್ಕೇ ವಾಪಸ್ ಬಂದು ಮುಚ್ಚಿತು. ಯಾಕೆ? ಆರೂ ಮಕ್ಕಳೂ ಚಾಕ್‌ಪೀಸ್ ಒಂದೊಂದು ತುಂಡು ಕೇಳಿ ಇಸ್ಕೊಂಡು ಹೋಗಿದಾರೆ.